ಮುಳುಗಿದ ನೀರನ್ನು ಎತ್ತುವವರು ಯಾರು?

(ಗಂಗೊಳ್ಳಿ ಬಂದರು. ಮೀನುಗಾರಿಕೆ ನಿಷೇಧದ ಜುಲೈ ತಿಂಗಳು. ಮಾವ ಬೋಟಿನ ತಾಂಡೇಲ. ಅಳಿಯ ಸಾಗರ ವಿಜ್ಞಾನ ಓದುತ್ತಿರುವವನು.)

ಮಾವ: ಒಂದು ವಿಷಯ ನನಗೆ ಇವತ್ತಿಗೂ ಬಗೆಹರಿದಿಲ್ಲ. ಮಳೆಗಾಲದಲ್ಲಿ ನಮ್ಮ ಕಡಲಿನ ನೀರು ತೆಂಕಕ್ಕೆ ಎಳೆಯುತ್ತದೆ. ಗಾಳಿ ಎಳೆಯುತ್ತದೆ ಅಂದುಕೊಳ್ಳೋಣ. ದೀಪಾವಳಿ ಕಳೆದ ಮೇಲೆ ಅದೇ ನೀರು ಬಡಗಕ್ಕೆ ಹೊರಡುತ್ತದೆ. ಆಗ ಗಾಳಿ ಬಡಗಿನಿಂದಲೇ ಬೀಸುತ್ತಿರುತ್ತದೆ. ಗಾಳಿಗೆ ಎದುರಾಗಿ ನೀರನ್ನು ತಳ್ಳುವವರು ಯಾರು?

ಅಳಿಯ: ಭಾರದ ವ್ಯತ್ಯಾಸ, ಮಾವ. ತೆಂಕಿನ ಕಡೆ ನೀರು ಹಗುರ, ಬಡಗಿನ ಕಡೆ ಭಾರ. ಚಳಿಗಾಲ ಬಂತೆಂದರೆ ಬಂಗಾಳ ಕೊಲ್ಲಿಯ ಸಪ್ಪೆ ನೀರು ಶ್ರೀಲಂಕಾವನ್ನು ಬಳಸಿಕೊಂಡು ಕೇರಳದ ಮುಂದೆ ಬರುತ್ತದೆ. ಗುಜರಾತಿನ ಕಡೆಯ ನೀರಿಗೆ ಉಪ್ಪು ಜಾಸ್ತಿ, ಒಣಗಾಳಿಗೆ ಅದು ತಣ್ಣಗೂ ಆಗಿರುತ್ತದೆ. ಅಷ್ಟೇ ತೂಕದ ಹಗುರ ನೀರು ಹೆಚ್ಚು ಜಾಗ ಹಿಡಿಯುವುದರಿಂದ ಅದರ ಮೇಲ್ಮೈ ತುಸು ಎತ್ತರ. 100 ಮೀಟರ್ ಆಳದವರೆಗಿನ ನೀರು ಘನ ಮೀಟರಿಗೆ ಒಂದು ಕಿಲೋ ಹಗುರಾದರೆ ಮೇಲ್ಮೈ ಸುಮಾರು 10 ಸೆಂಟಿಮೀಟರ್ ಏರುತ್ತದೆ.

ಮಾವ: ಅರ್ಧ ಗೇಣು.

ಅಳಿಯ: ಅರ್ಧ ಗೇಣೇ. ಕೊಚ್ಚಿಯಿಂದ ಗುಜರಾತಿನವರೆಗೆ ಸಾವಿರ ಕಿಲೋಮೀಟರಿಗೂ ಮಿಕ್ಕಿದ ಉದ್ದಕ್ಕೆ ಆ ಮಟ್ಟದ ಇಳಿಜಾರು ಸಾಕು. ಕಣ್ಣಿಗೆ ಕಾಣಿಸುವುದಿಲ್ಲ, ಉಪಗ್ರಹದ ರೇಡಾರಿಗೆ ಸಿಗುತ್ತದೆ. ಚಳಿಗಾಲದ ಗಾಳಿ ನಮ್ಮ ಕರಾವಳಿಯಲ್ಲಿ ಅಷ್ಟೇನೂ ಬಲವಾಗಿರುವುದಿಲ್ಲ, ಇಳಿಜಾರು ಅದನ್ನು ಮೀರುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಸತೀಶ್ ಶೆಟ್ಯೆ ಮತ್ತು ಜೊತೆಗಾರರು 1991ರಲ್ಲಿ ಇದನ್ನು ವಿವರಿಸಿ ಬರೆದರು. ಬಂಗಾಳ ಕೊಲ್ಲಿಯಿಂದ ದಡ ಹಿಡಿದು ಬರುವ ಬಹಳ ಉದ್ದದ, ನಿಧಾನದ ಅಲೆಗಳೂ ಇದಕ್ಕೆ ಕೈಜೋಡಿಸುತ್ತವೆ ಎನ್ನುವುದು ಬೇರೆ ಅಧ್ಯಯನಗಳಿಂದ ಗೊತ್ತಾಗಿದೆ.

ಮಾವ: ಎರಡೂ ಉಪ್ಪುನೀರೇ ತಾನೆ? ಬಂಗಾಳ ಕೊಲ್ಲಿಯದ್ದು ಸಪ್ಪೆ ಯಾಕಾಯಿತು?

ಅಳಿಯ: ಗಂಗೆ, ಬ್ರಹ್ಮಪುತ್ರ, ಬರ್ಮಾದ ಐರಾವತಿ, ಮಹಾನದಿ, ಗೋದಾವರಿ, ಕೃಷ್ಣೆ, ಕಾವೇರಿ ಎಲ್ಲ ಹೋಗಿ ಬೀಳುವುದು ಅಲ್ಲಿಗೆ. ಆವಿಯಾಗಿ ಹೋಗುವುದಕ್ಕಿಂತ ಮಳೆಯಾಗಿ ಬೀಳುವುದೂ ಅಲ್ಲಿ ಹೆಚ್ಚು. ನಮ್ಮ ಅರಬ್ಬಿ ಕಡಲಿನಲ್ಲಿ ಲೆಕ್ಕ ತಿರುವುಮುರುವು: ದೊಡ್ಡ ನದಿ ಎಂದರೆ ಸಿಂಧೂ, ನರ್ಮದೆ, ಅಷ್ಟೇ. ಅರಬಸ್ಥಾನದ ಒಣಗಾಳಿ ನೀರನ್ನು ಹೀರುತ್ತಲೇ ಇರುತ್ತದೆ. ಕಿಲೋ ನೀರಿನಲ್ಲಿ ಉಪ್ಪು ಇಲ್ಲಿ 36 ಗ್ರಾಂ ದಾಟುತ್ತದೆ, ಬಂಗಾಳ ಕೊಲ್ಲಿಯ ಬಡಗು ತುದಿಯಲ್ಲಿ ಮಳೆಗಾಲ ಮುಗಿಯುವಾಗ 30ಕ್ಕಿಂತಲೂ ಕೆಳಗಿಳಿಯುತ್ತದೆ. ಇನ್ನೊಂದು ಸಂಗತಿ ನೋಡಿ. ಘಟ್ಟದ ಗಂಗಾಮೂಲದಲ್ಲಿ ಬಿದ್ದ ಮಳೆ ತುಂಗೆಯಾಗಿ, ಭದ್ರೆಯಾಗಿ ಮೂಡಕ್ಕೆ ಹೋಗುತ್ತದೆ. ಅಣೆಕಟ್ಟು, ಗದ್ದೆಗಳನ್ನು ದಾಟಿ ಉಳಿದದ್ದು ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಸೇರುತ್ತದೆ. ಅದರಲ್ಲೂ ಒಂದು ಪಾಲು ಆ ಸಪ್ಪೆ ನೀರಿನಲ್ಲಿ ಬೆರೆತು, ಲಂಕೆ ಸುತ್ತಿ, ಇದೇ ಗಂಗೊಳ್ಳಿಯ ಮುಂದೆ ಹಾದು ಬಡಗಕ್ಕೆ ಹೋಗಬಹುದು.

ಮಾವ: ಗಂಗಾಮೂಲ ಇಲ್ಲಿಂದ ನೂರು ಕಿಲೋಮೀಟರೂ ಇಲ್ಲ ಮಾರಾಯ! ಎಷ್ಟು ದೊಡ್ಡ ಸುತ್ತು ಹಾಕಿ ಬಂತು ಆ ನೀರು.

ಅಳಿಯ: ನನಗೆ ಈ ವಿದ್ಯೆಯ ಮೇಲೆ ಮನಸ್ಸು ನಿಂತದ್ದೇ ಇಂಥ ಸುತ್ತುಗಳಿಂದ.

ಮಾವ: ಆದರೂ ನೀರಿನ ತೂಕ ಎಷ್ಟು ಅಂತ ಬದಲಾದೀತು?

ಅಳಿಯ: ಬಹಳ ಕಡಿಮೆ, ಅದೇ ಸೋಜಿಗ. ಒಂದು ಘನ ಮೀಟರ್ ಸಿಹಿನೀರು 1000 ಕಿಲೋ, ಕಡಲ ನೀರು ಸುಮಾರು 1025. ನಮ್ಮ ಕಡೆಯ 28 ಡಿಗ್ರಿ ನೀರು ಒಂದು ಡಿಗ್ರಿ ತಣ್ಣಗಾದರೆ ಆ ಘನ ಮೀಟರಿಗೆ ಸುಮಾರು 300 ಗ್ರಾಂ ಭಾರ ಕೂಡುತ್ತದೆ. ಉಪ್ಪು ಕಿಲೋಗೆ ಒಂದು ಗ್ರಾಂ ಹೆಚ್ಚಾದರೆ ಮುಕ್ಕಾಲು ಕಿಲೋ ಕೂಡುತ್ತದೆ. ಧ್ರುವದ ಹತ್ತಿರ, ಸೊನ್ನೆ ಡಿಗ್ರಿಯ ನೀರಿನಲ್ಲಿ, ಒಂದು ಡಿಗ್ರಿ ಇಳಿದರೆ ಕೂಡುವುದು ಬರೀ 50 ಗ್ರಾಂ. ಉಪ್ಪಿನ ಲೆಕ್ಕ ಮಾತ್ರ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಹಾಗಾಗಿ ಬೆಚ್ಚಗಿನ ಕಡಲಿನಲ್ಲಿ ಬಿಸಿಗೂ ಉಪ್ಪಿಗೂ ಪೈಪೋಟಿ ಇದ್ದರೆ ತಣ್ಣನೆಯ ಕಡಲಿನಲ್ಲಿ ಉಪ್ಪಿನದೇ ಕಾರುಬಾರು. ಸಾವಿರದಲ್ಲಿ ಒಂದೆರಡು ಪಾಲಿನ ಈ ವ್ಯತ್ಯಾಸಕ್ಕೆ ಇಡೀ ಸಾಗರ ಹೊರಳುತ್ತದೆ. ನೀರಿನೊಳಗೆ ನೀರು ತೇಲುವಾಗ ಅಡ್ಡ ಬರುವುದು ಕಡಿಮೆ, ತುಸು ವ್ಯತ್ಯಾಸವೂ ಕೆಲಸ ಮಾಡುತ್ತದೆ.

ಮಾವ: ಅಳಿವೆಯಲ್ಲಿ ಇದನ್ನು ನಾವು ದಿನಾ ನೋಡುತ್ತೇವೆ. ಮಳೆಗಾಲದಲ್ಲಿ ಐದು ಹೊಳೆಯ ನೀರು ಮೇಲೆ, ಕಡಲಿನ ನೀರು ಅಡಿಗೆ. ಉಬ್ಬರ ಹತ್ತಲು ಶುರುವಾದಾಗ ಮೇಲಿನ ಕೆಂಪು ನೀರು ಇನ್ನೂ ಹೊರಗೆ ಓಡುತ್ತಲೇ ಇರುತ್ತದೆ, ಬಲೆಯ ಸೀಸದ ಅಂಚು ಮಾತ್ರ ಒಳಕ್ಕೆ ಎಳೆಯುತ್ತದೆ.

ಅಳಿಯ: ಈ ವಿದ್ಯೆಯ ಮೊದಲ ಪ್ರಯೋಗ ಹುಟ್ಟಿದ್ದು ಅಂಥದ್ದೇ ಒಂದು ಬಲೆಯಿಂದ. ಇಟಲಿಯ ಲುಯಿಜಿ ಮಾರ್ಸಿಲಿ ಎಂಬ ಹುಡುಗ, ಇಪ್ಪತ್ತರ ಆಸುಪಾಸಿನವನು, 1679ರಲ್ಲಿ ಇಸ್ತಾಂಬುಲಿಗೆ ಹೋದ. ಅಲ್ಲಿ ಬಾಸ್ಫರಸ್ ಜಲಸಂಧಿ ಇದೆ, ಕಪ್ಪು ಸಮುದ್ರವನ್ನು ಮಾರ್ಮರಾ ಸಮುದ್ರಕ್ಕೆ ಕೂಡಿಸುವ ಕಿರಿದಾದ ಕಡಲು. ಮೇಲ್ನೀರು ಸದಾ ಕಪ್ಪು ಸಮುದ್ರದಿಂದ ಈಚೆಗೆ ಓಡುತ್ತದೆ. ಆಳಕ್ಕೆ ಬಿಟ್ಟ ಬಲೆ ಎದುರು ದಿಕ್ಕಿಗೆ ಹೋಗುತ್ತದೆ ಎಂದು ಅಲ್ಲಿನ ತುರ್ಕಿ ಮೀನುಗಾರರು ಅವನಿಗೆ ಹೇಳಿದರು. ಅವನು ಒಂದು ಹಗ್ಗಕ್ಕೆ ಅಲ್ಲಲ್ಲಿ ಬಿಳಿ ಬಣ್ಣದ ಬೆಂಡು ಕಟ್ಟಿ, ತುದಿಗೆ ತೂಕ ಕಟ್ಟಿ ದೋಣಿಯಿಂದ ಇಳಿಬಿಟ್ಟ. ಮೇಲಿನ ಬೆಂಡುಗಳು ಒಂದು ಕಡೆ ಬಾಗಿದವು, ಆಳದ ಬೆಂಡುಗಳು ಅದಕ್ಕೆ ಎದುರಾಗಿ.

ಮಾವ: ಮೀನುಗಾರರ ಮಾತು ನಿಜವಾಯಿತು.

ಅಳಿಯ: ಅವನು ಅಲ್ಲಿಗೆ ನಿಲ್ಲಿಸಲಿಲ್ಲ. ಎರಡೂ ಕಡೆಯ ನೀರನ್ನು ತೂಗಿದ. ಒಂದು ತೊಟ್ಟಿ ಮಾಡಿಸಿ ನಡುವೆ ಗೋಡೆ ನಿಲ್ಲಿಸಿ, ಒಂದು ಕೋಣೆಗೆ ಹಗುರ ನೀರು, ಇನ್ನೊಂದಕ್ಕೆ ಬಣ್ಣ ಬೆರೆಸಿದ ಭಾರದ ನೀರು ತುಂಬಿದ. ಗೋಡೆಯಲ್ಲಿ ಮೇಲೊಂದು ತೂತು, ಕೆಳಗೊಂದು ತೂತು. ತೂತುಗಳನ್ನು ತೆರೆದಾಗ ಭಾರದ ನೀರು ಕೆಳಗಿನಿಂದ ಆಚೆಗೆ, ಹಗುರದ್ದು ಮೇಲಿನಿಂದ ಈಚೆಗೆ ಹರಿಯಿತು. ಗಾಳಿಯೂ ಇಲ್ಲ, ಇಳಿಜಾರೂ ಇಲ್ಲ. 1681ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದ. ಸಾಗರ ವಿಜ್ಞಾನದ ಮೊದಲ ಪ್ರಯೋಗ ಯಾವುದು ಎಂದು ನನ್ನನ್ನು ಕೇಳಿದರೆ ಈ ತೊಟ್ಟಿಯನ್ನೇ ತೋರಿಸುತ್ತೇನೆ. ಬಲೆಯ ಎಳೆತವನ್ನು ಕೈಯಲ್ಲಿ ಹಿಡಿದು ತಿಳಿದವರ ಮಾತಿಗೆ ಅವನು ಕಿವಿಕೊಟ್ಟ ಎನ್ನುವುದು ಆ ಪುಸ್ತಕದ ದೊಡ್ಡತನ.

ಮಾವ: ಜಿಬ್ರಾಲ್ಟರಿನಲ್ಲೂ ಹೀಗೇ ಅಂತ ಹಡಗಿನಲ್ಲಿ ದುಡಿದು ಬಂದ ನಮ್ಮೂರಿನವರೊಬ್ಬರು ಹೇಳುತ್ತಿದ್ದರು.

ಅಳಿಯ: ಹೌದು. ಮೆಡಿಟರೇನಿಯನ್ ಬಿಸಿಲಿಗೆ ಒಣಗಿ 38 ಗ್ರಾಂ ಉಪ್ಪಿನ ನೀರಾಗುತ್ತದೆ, ಅದು ಅಡಿಯಿಂದ ಅಟ್ಲಾಂಟಿಕ್ಕಿಗೆ ಸುರಿಯುತ್ತದೆ. ನಮ್ಮ ಮಗ್ಗುಲಲ್ಲೇ ಕೆಂಪು ಸಮುದ್ರ, ಪರ್ಷಿಯಾ ಕೊಲ್ಲಿ ಇವೆಯಲ್ಲ, ಅವುಗಳದ್ದೂ ಅದೇ ಕಥೆ. ಇಲ್ಲಿಂದ ಪಡುವಕ್ಕೆ, ಆಳ ಕಡಲಿಗೆ ಹೋಗಿ ಅಳೆಯುವ ಉಪಕರಣ ಇಳಿಸಿದರೆ ಮೇಲೆ ನಮ್ಮ ನೀರು. ಅದರಡಿಗೆ, ಬಡಗು ಅರಬ್ಬಿ ಕಡಲಿನಲ್ಲಿ ಚಳಿಗಾಲಕ್ಕೆ ತಣಿದು ಇಳಿದ ಉಪ್ಪು ಹೆಚ್ಚಿದ ನೀರು. 300 ಮೀಟರಿನ ಸುಮಾರಿಗೆ ಪರ್ಷಿಯಾ ಕೊಲ್ಲಿಯದ್ದು, 600ರಿಂದ 800 ಮೀಟರಿನ ನಡುವೆ ಕೆಂಪು ಸಮುದ್ರದ್ದು. ದಾರಿಯುದ್ದಕ್ಕೂ ಬೆರೆತು ಬೆರೆತು ಅವುಗಳ ಗುರುತು ಮಸುಕಾಗಿರುತ್ತದೆ, ಆದರೂ ಉಪ್ಪಿನ ಲೆಕ್ಕದಲ್ಲಿ ಹಿಡಿಯಬಹುದು. ಪ್ರತಿಯೊಂದೂ ತನ್ನ ಭಾರಕ್ಕೆ ತಕ್ಕ ಮಟ್ಟಕ್ಕೆ ಹೋಗಿ ಹರಡಿಕೊಳ್ಳುತ್ತದೆ.

ಮಾವ: ಎಲ್ಲಕ್ಕಿಂತ ಅಡಿಯಲ್ಲಿ?

ಅಳಿಯ: ಅಂಟಾರ್ಕ್ಟಿಕದಿಂದ ಹೊರಟ ನೀರು. ಬೇಸಗೆಯಲ್ಲೂ, ಮಳೆಗಾಲದಲ್ಲೂ ಅಲ್ಲಿ 2 ಡಿಗ್ರಿಯ ಆಸುಪಾಸು.

ಮಾವ: ಅರಬ್ಬಿ ಕಡಲಿನ ತಳದಲ್ಲಿ ಎರಡು ಡಿಗ್ರಿ?

ಅಳಿಯ: ಇಡೀ ಸಾಗರದ ಸರಾಸರಿಯೇ ನಾಲ್ಕು ಡಿಗ್ರಿ ಮುಟ್ಟುವುದಿಲ್ಲ. ಮೇಲಿನ ಕೆಲವು ನೂರು ಮೀಟರ್ ಮಾತ್ರ ನಮಗೆ ಗೊತ್ತಿರುವ ಬೆಚ್ಚನೆಯ ಕಡಲು. ಇದು ಮೊದಲು ಗೊತ್ತಾದದ್ದು 1751ರಲ್ಲಿ. ಹೆನ್ರಿ ಎಲ್ಲಿಸ್ ಎಂಬ ಇಂಗ್ಲಿಷ್ ಕಪ್ತಾನ ಗುಲಾಮರನ್ನು ಸಾಗಿಸುವ ಹಡಗಿನಲ್ಲಿ ಅಟ್ಲಾಂಟಿಕ್ಕಿನ ಬೆಚ್ಚನೆಯ ಭಾಗದಲ್ಲಿದ್ದಾಗ, ಮುಚ್ಚಳಗಳಿದ್ದ ಒಂದು ಬಕೆಟ್ಟನ್ನು 5,346 ಅಡಿ ಆಳಕ್ಕೆ ಇಳಿಸಿದ. ಮೇಲಿನ ನೀರು ಸುಮಾರು 29 ಡಿಗ್ರಿ, ಬಕೆಟ್ಟಿನಲ್ಲಿ ಬಂದದ್ದು 12 ಡಿಗ್ರಿ. ಆ ತಂಪು ನೀರನ್ನು ಅವನು ಸ್ನಾನಕ್ಕೆ, ದ್ರಾಕ್ಷಾರಸ ತಂಪು ಮಾಡುವುದಕ್ಕೆ ಬಳಸಿದನಂತೆ. ಕೆಳಗಿನ ಅಂತಸ್ತಿನಲ್ಲಿ ಮನುಷ್ಯರನ್ನು ಸರಪಳಿಯಲ್ಲಿಟ್ಟು ಸಾಗಿಸುತ್ತಿದ್ದ ಹಡಗದು. ಅಳತೆ ನಿಜ, ಅದನ್ನು ತಂದ ಹಡಗಿನ ಕಥೆಯನ್ನು ಬಿಟ್ಟು ಅಳತೆಯನ್ನಷ್ಟೇ ಹೇಳಲು ನನಗೆ ಮನಸ್ಸಾಗುವುದಿಲ್ಲ. ಆ ತಂಪು ಧ್ರುವಗಳಿಂದ ಅಡಿಯಲ್ಲೇ ಹರಿದು ಬಂದದ್ದಿರಬೇಕು ಎಂದು ಆ ಶತಮಾನ ಮುಗಿಯುವ ಹೊತ್ತಿಗೆ ಕೌಂಟ್ ರಮ್‌ಫರ್ಡ್ ಎಂಬ ವಿಜ್ಞಾನಿ ತರ್ಕಿಸಿದ.

ಮಾವ: ಅಂಟಾರ್ಕ್ಟಿಕದಲ್ಲಿ ಅಂಥದ್ದೇನು ನಡೆಯುತ್ತದೆ?

ಅಳಿಯ: ಹಿಮಖಂಡದ ಮೇಲಿನಿಂದ ಭೀಕರ ಶೀತಗಾಳಿ ಕಡಲಿಗೆ ಇಳಿಯುತ್ತದೆ. ಕಡಲ ನೀರು ಸೊನ್ನೆಗೂ ಕೆಳಗೆ, ಮೈನಸ್ 1.9 ಡಿಗ್ರಿಗೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟುವಾಗ ಉಪ್ಪಿನ ಬಹುಪಾಲನ್ನು ಹೊರಗೆ ಬಿಡುತ್ತದೆ. ಗಾಳಿ ಆ ಮಂಜುಗಡ್ಡೆಯನ್ನು ಆಚೆ ನೂಕುತ್ತದೆ, ತೆರೆದ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಮತ್ತೆ ಉಪ್ಪು ಬಿಡುತ್ತದೆ. ಕೆಳಗಿನ ನೀರು ಉಪ್ಪಿನಿಂದಲೂ ಚಳಿಯಿಂದಲೂ ಭಾರವಾಗಿ ವೆಡೆಲ್ ಸಮುದ್ರ, ರಾಸ್ ಸಮುದ್ರಗಳ ಇಳಿಜಾರಿನಲ್ಲಿ ಸಾವಿರಾರು ಮೀಟರ್ ಇಳಿದು ಬಡಗಕ್ಕೆ ಹರಡುತ್ತದೆ. ಭೂಮಿಯ ಇನ್ನೊಂದು ತುದಿಯಲ್ಲಿ, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವೆ ನೀರಿನೊಳಗೇ ಒಂದು ದಿಬ್ಬ ಇದೆ. ಅದನ್ನು ದಾಟಿದ ತಣ್ಣನೆಯ ನೀರು ಸುಮಾರು 3,500 ಮೀಟರ್ ಕೆಳಗಿಳಿಯುತ್ತದೆ, ಸೆಕೆಂಡಿಗೆ ಸುಮಾರು 30 ಲಕ್ಷ ಘನ ಮೀಟರ್. ಜಗತ್ತಿನ ನದಿಗಳೆಲ್ಲ ಸೇರಿದರೂ ಕಡಲಿಗೆ ಬೀಳುವುದು ಸೆಕೆಂಡಿಗೆ 12 ಲಕ್ಷ ಘನ ಮೀಟರಿನಷ್ಟು. ಮೇಲೆ ಹಡಗಿನಲ್ಲಿ ನಿಂತವನಿಗೆ ಆ ಧುಮುಕು ತಿಳಿಯುವುದೇ ಇಲ್ಲ.

ಮಾವ: ನಿಲ್ಲು. ಇಲ್ಲಿ ನನಗೊಂದು ಅನುಮಾನ. ಬಡಗಿನಲ್ಲೂ ಮುಳುಗುತ್ತದೆ, ತೆಂಕಿನಲ್ಲೂ ಮುಳುಗುತ್ತದೆ. ವರ್ಷ ವರ್ಷ ಮುಳುಗುತ್ತಲೇ ಇದ್ದರೆ ತಳ ತುಂಬಿ ಬರಬೇಕು. ಕೊನೆಗೆ ಕಡಲೆಲ್ಲ ತಣ್ಣೀರಾಗಿ ಎಲ್ಲ ನಿಂತುಬಿಡಬೇಕು. ನಿಂತಿಲ್ಲ. ಹಾಗಾದರೆ ಮುಳುಗಿದ್ದನ್ನು ಮೇಲೆತ್ತುವವರು ಯಾರು? ಬಲೆ ಬಿಡುವುದು ಸುಲಭ, ಎಳೆಯುವುದಕ್ಕೆ ಜನ ಬೇಕು.

ಅಳಿಯ: ಶಾಲೆಯ ಪುಸ್ತಕಗಳು ಕೇಳದೆ ಬಿಟ್ಟ ಪ್ರಶ್ನೆ ಇದು, ಮಾವ. ಅವು ಸಂವಹನವನ್ನು ವಿವರಿಸುವಾಗ ಒಲೆಯ ಮೇಲಿನ ಪಾತ್ರೆಯ ಚಿತ್ರ ಹಾಕುತ್ತವೆ. ನಮ್ಮ ಬಚ್ಚಲಿನ ಹಂಡೆ ಅಂತಲೇ ಇಟ್ಟುಕೊಳ್ಳಿ. ಉರಿ ಅಡಿಯಲ್ಲಿ. ಅಡಿಯ ನೀರು ಕಾದು ಹಗುರಾಗಿ ಏರುತ್ತದೆ, ಮೇಲಿನದು ಇಳಿಯುತ್ತದೆ, ಹಂಡೆ ತಾನಾಗಿ ತಿರುಗುತ್ತದೆ. ಈಗ ಹಂಡೆಯ ಅಡಿಗೆ ಉರಿ ಹಾಕದೆ, ನೀರಿನ ಮೇಲೆ ಕೆಂಡದ ತಟ್ಟೆ ಹಿಡಿದರೆ?

ಮಾವ: ಮೇಲೆ ಕಾಯುತ್ತದೆ, ಅಡಿ ತಣ್ಣಗೇ ಉಳಿಯುತ್ತದೆ. ತಿರುಗುವುದಿಲ್ಲ.

ಅಳಿಯ: ಕಡಲಿಗೆ ಬಿಸಿಲು ಮೇಲಿನಿಂದ. ಮೇಲೆ ಕಾದ ನೀರು ಹಗುರಾಗಿ ಮೇಲೆಯೇ ಇರುತ್ತದೆ. ಸ್ವೀಡನ್ನಿನ ಯೋಹಾನ್ ಸ್ಯಾಂಡ್‌ಸ್ಟ್ರೋಮ್ 1908ರಲ್ಲಿ ತೊಟ್ಟಿಗಳಲ್ಲಿ ಇದನ್ನು ಪರೀಕ್ಷಿಸಿದ. ಬಿಸಿ ಕೊಡುವ ಜಾಗ ಆಳದಲ್ಲಿ, ತಂಪು ಕೊಡುವ ಜಾಗ ಮೇಲೆ ಇದ್ದರೆ ನೀರು ರಭಸದಿಂದ ಸುತ್ತುತ್ತದೆ. ಎರಡನ್ನೂ ಅದಲುಬದಲು ಮಾಡಿದರೆ ಮೇಲೆ ಸ್ವಲ್ಪ ಕದಡಿ ಉಳಿದದ್ದು ಸುಮ್ಮನಾಗುತ್ತದೆ. ಗಾಳಿಯ ಕಥೆ ಬೇರೆ. ಬಿಸಿಲು ಗಾಳಿಯನ್ನು ಹೆಚ್ಚಾಗಿ ದಾಟಿ ಹೋಗಿ ನೆಲವನ್ನು, ನೀರನ್ನು ಕಾಯಿಸುತ್ತದೆ. ಗಾಳಿಗೆ ಬಿಸಿ ಅಡಿಯಿಂದ ಸಿಗುತ್ತದೆ. ಆದ್ದರಿಂದಲೇ ಮೋಡಗಳು ಹತ್ತು ಹದಿನೈದು ಕಿಲೋಮೀಟರ್ ಎತ್ತರಕ್ಕೆ ಎದ್ದು ನಮ್ಮ ಮಳೆಗಾಲ ಆಗುವುದು. ಕಡಲಿಗೆ ಆ ಸೌಲಭ್ಯ ಇಲ್ಲ.

ಮಾವ: ಹಾಗಾದರೆ ಕಡಲಿನಲ್ಲಿ ನೀರು ಮುಳುಗುವುದು?

ಅಳಿಯ: ಮೇಲಿನಿಂದ ತಣಿದಾಗ ಮುಳುಗುತ್ತದೆ, ಅದು ನಿಜವಾದ ಸಂವಹನವೇ. ನಮ್ಮಲ್ಲೂ ರಾತ್ರಿ ತಣಿದ ಮೇಲ್ನೀರು ಕೆಲವು ಮೀಟರ್ ಇಳಿದು ಬೆರೆಯುತ್ತದೆ. ಬಡಗು ಅರಬ್ಬಿ ಕಡಲಿನಲ್ಲಿ ಜನವರಿ–ಫೆಬ್ರವರಿಗೆ ಈ ಬೆರಕೆ 100 ಮೀಟರಿನ ಹತ್ತಿರ ಹೋಗುತ್ತದೆ, ಅಡಿಯ ಸತ್ವ ಮೇಲೆ ಬಂದು ನೀರು ಹಸಿರಾಗುತ್ತದೆ. ಕೆನಡಾದ ಲ್ಯಾಬ್ರಡಾರ್ ಸಮುದ್ರದಲ್ಲಿ ಕೆಲವು ಚಳಿಗಾಲ 2,000 ಮೀಟರ್ ಮುಟ್ಟುತ್ತದೆ. ಇಳಿಸುವುದಕ್ಕೆ ಚಳಿ ಸಾಕು. ಎತ್ತುವುದಕ್ಕೆ ಸಾಲದು. ಎತ್ತಬೇಕಾದರೆ ಮೇಲಿನ ಬಿಸಿಯನ್ನು ಯಾರಾದರೂ ಆಳಕ್ಕೆ ಕಲಕಬೇಕು, ಇಲ್ಲವೆ ಆಳದ ನೀರನ್ನೇ ನೇರವಾಗಿ ಎಳೆದು ತರಬೇಕು.

ಮಾವ: ಎಳೆಯುವುದಕ್ಕೆ ಗಾಳಿ ಇದೆ. ಮಳೆಗಾಲದಲ್ಲಿ ನಮ್ಮ ದಡಕ್ಕೆ ಅಡಿಯ ತಣ್ಣೀರು ಬರುತ್ತದಲ್ಲ, ಹಾಗೆ.

ಅಳಿಯ: ಅದೇ ಕೆಲಸ ದೊಡ್ಡ ಮಟ್ಟದಲ್ಲಿ ಅಂಟಾರ್ಕ್ಟಿಕದ ಸುತ್ತ ನಡೆಯುತ್ತದೆ. ಅಲ್ಲಿ ಅಡ್ಡಕ್ಕೆ ನೆಲವೇ ಇಲ್ಲದ ಕಡಲಿನ ಮೇಲೆ ಪಡುಗಾಳಿ ಭೂಮಿಯನ್ನೇ ಸುತ್ತುತ್ತದೆ. ಮೇಲ್ನೀರು ಬಡಗಕ್ಕೆ ಸರಿಯುತ್ತದೆ, ಆ ಜಾಗಕ್ಕೆ ಎರಡು ಮೂರು ಸಾವಿರ ಮೀಟರ್ ಆಳದ ಹಳೆಯ ನೀರು ಮೇಲೇಳುತ್ತದೆ. ಇನ್ನು ಕಲಕುವವರು. ವಾಲ್ಟರ್ ಮುಂಕ್ ಎಂಬ ವಿಜ್ಞಾನಿ 1966ರಲ್ಲಿ ಈ ಪ್ರಶ್ನೆ ಹಿಡಿದವರು 1998ರಲ್ಲೂ ಬಿಟ್ಟಿರಲಿಲ್ಲ. ಆ ವರ್ಷ ಕಾರ್ಲ್ ವುನ್ಶ್ ಜೊತೆ ಲೆಕ್ಕ ಹಾಕಿದರು: ಆಳದ ಸಾಗರವನ್ನು ಈಗಿರುವಂತೆ ಕಲಕುತ್ತಿರಲು ಸುಮಾರು 2 ಲಕ್ಷ ಕೋಟಿ ವ್ಯಾಟ್ ಶಕ್ತಿ ಬೇಕು. ಅದರಲ್ಲಿ ಹೆಚ್ಚುಕಡಿಮೆ ಅರ್ಧ ಗಾಳಿಯದ್ದು. ಉಳಿದರ್ಧ ಚಂದ್ರನದ್ದು.

ಮಾವ: ಚಂದ್ರ? ಉಬ್ಬರ ಇಳಿತ ದಡದಲ್ಲಿ ಆಗುವುದಲ್ಲವಾ?

ಅಳಿಯ: ದಡದಲ್ಲಿ ನಮಗೆ ಕಾಣುತ್ತದೆ. ನಡುಗಡಲಿನಲ್ಲೂ ತಳದವರೆಗೆ ನೀರೆಲ್ಲ ಆಚೀಚೆ ಸರಿಯುತ್ತಿರುತ್ತದೆ. ತಳದಲ್ಲಿ ಬೆಟ್ಟಸಾಲುಗಳಿವೆ. ಉಬ್ಬರದ ನೀರು ಅವನ್ನು ಹತ್ತಿ ಇಳಿಯುವಾಗ ಭಾರದ ಪದರ, ಹಗುರದ ಪದರಗಳ ನಡುವೆ ಅಲೆ ಏಳುತ್ತದೆ. ನೀರಿನೊಳಗಿನ ಅಲೆ. ಅಂಡಮಾನ್ ಸಮುದ್ರದಲ್ಲಿ ಇವು ಹತ್ತಾರು ಮೀಟರ್ ಎತ್ತರ ಏಳುತ್ತವೆ, ಮೇಲೆ ಕಾಣುವುದು ಉದ್ದುದ್ದ ಸಣ್ಣ ತೆರೆಗಳ ಪಟ್ಟಿ ಮಾತ್ರ. ದೂರ ಹೋಗಿ ಅವು ಒಡೆದಾಗ ಪದರಗಳು ಬೆರೆಯುತ್ತವೆ, ಮೇಲಿನ ಬಿಸಿ ತುಸು ಕೆಳಗೆ ಹೋಗುತ್ತದೆ, ಅಡಿಯ ನೀರು ತುಸು ಹಗುರಾಗುತ್ತದೆ. ಸಾವಿರ ವರ್ಷದ ಲೆಕ್ಕದಲ್ಲಿ ಆ ತುಸುವೇ ಸಾಕು. ದಡದಲ್ಲೂ ಆಳದಲ್ಲೂ ಉಬ್ಬರ ಇಳಿತದ ಶಕ್ತಿ ಹೀಗೆ ಸವೆಯುವುದರಿಂದ ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರ್ ನಮ್ಮಿಂದ ದೂರ ಹೋಗುತ್ತಿದ್ದಾನೆ. ಅಪೊಲೊ ಯಾತ್ರಿಕರು ಅಲ್ಲಿಟ್ಟು ಬಂದ ಪ್ರತಿಫಲಕಗಳಿಗೆ ಲೇಸರ್ ಬಿಟ್ಟು ಅಳೆದ ಲೆಕ್ಕ ಅದು.

ಮಾವ: ಅಮಾವಾಸ್ಯೆ, ಹುಣ್ಣಿಮೆಯ ನೀರು ನೋಡಿಯೇ ನಾವು ಬಲೆ ಹಾಕುವುದು. ಅದೇ ಚಂದ್ರ ಎರಡು ಸಾವಿರ ಮಾರು ಆಳದಲ್ಲೂ ಕೆಲಸ ಮಾಡುತ್ತಾನೆಂದು ಯಾರೂ ಹೇಳಿರಲಿಲ್ಲ. ಒಳಗಿನ ಅಲೆ ಬೋಟಿಗೆ ತಾಗುತ್ತದಾ?

ಅಳಿಯ: ತಾಗುತ್ತದೆ. 1893ರಲ್ಲಿ ನಾರ್ವೆಯ ಅನ್ವೇಷಕ ನಾನ್ಸೆನ್ ತನ್ನ ಫ್ರಾಮ್ ಹಡಗಿನಲ್ಲಿ ಸೈಬೀರಿಯಾದ ಬಡಗಿನ ಕಡಲಿನಲ್ಲಿ ಹೋಗುತ್ತಿದ್ದಾಗ, ಎಂಜಿನ್ ಪೂರ್ತಿ ಓಡುತ್ತಿದ್ದರೂ ಹಡಗು ತೆವಳತೊಡಗಿತು. ಮೇಲೆ ಮಂಜು ಕರಗಿದ ಸಿಹಿನೀರಿನ ತೆಳು ಪದರ, ಕೆಳಗೆ ಉಪ್ಪುನೀರು. ಎಂಜಿನ್ನಿನ ಶಕ್ತಿಯೆಲ್ಲ ಎರಡರ ನಡುವೆ ಕಾಣದ ಅಲೆ ಎಬ್ಬಿಸುವುದರಲ್ಲೇ ಹೋಗುತ್ತಿತ್ತು ಎಂದು ಹತ್ತು ವರ್ಷದ ಮೇಲೆ ಎಕ್ಮನ್ ಎಂಬ ವಿಜ್ಞಾನಿ ತೊಟ್ಟಿಯಲ್ಲಿ ಮಾಡಿ ತೋರಿಸಿದ.

ಮಾವ: ಸರಿ. ಆದರೆ ನೀನು ಮೊದಲು ಹೇಳಿದ್ದು, ನೀರನ್ನು ಭಾರ ತಳ್ಳುತ್ತದೆ ಅಂತ. ಈಗ ಚಂದ್ರ ಅನ್ನುತ್ತೀ, ಗಾಳಿ ಅನ್ನುತ್ತೀ.

ಅಳಿಯ: ಎರಡೂ ನಿಲ್ಲುವ ಮಾತು. ಭಾರದ ನೀರು ಹಗುರದ ಪಕ್ಕದಲ್ಲಿ ಬಂದು ನಿಂತ ಮೇಲೆ ಯಾರೂ ನೂಕಬೇಕಾಗಿಲ್ಲ, ಅದು ತಾನೇ ಅಡಿಗೆ ನುಗ್ಗುತ್ತದೆ. ಮಾರ್ಸಿಲಿಯ ತೊಟ್ಟಿ ತೋರಿಸಿದ್ದು ಅದನ್ನು. ಆದರೆ ತೊಟ್ಟಿಯಲ್ಲಿ ನೀರು ಹರಿದು ಒಮ್ಮೆ ಎರಡು ಪದರವಾದ ಮೇಲೆ ಎಲ್ಲ ನಿಂತಿತು. ಮತ್ತೆ ನಡೆಯಬೇಕಾದರೆ ನೀರನ್ನು ಮತ್ತೆ ಮೊದಲಿನ ಹಾಗೆ ಬೇರೆ ಮಾಡಿ ಇಡಬೇಕು. ತುಂಗೆಯ ನೀರನ್ನು ಘಟ್ಟದ ಮೇಲಕ್ಕೆ ಎತ್ತಿದ್ದು ಬಿಸಿಲು. ಆಳದ ನೀರನ್ನು ಎತ್ತುವುದು ಗಾಳಿ ಮತ್ತು ಚಂದ್ರ. ಭಾರದ ವ್ಯತ್ಯಾಸ ದಿಕ್ಕು ತೋರಿಸುತ್ತದೆ, ಯಾವುದು ಯಾವುದರ ಅಡಿಗೆ ಹೋಗಬೇಕು ಎನ್ನುವುದನ್ನು ತೀರ್ಮಾನಿಸುತ್ತದೆ. ಆ ವ್ಯತ್ಯಾಸವನ್ನು ಸವೆಯದಂತೆ ಕಾಪಾಡುವುದಕ್ಕೆ ಹೊರಗಿನಿಂದ ದುಡಿಮೆ ಬರುತ್ತಲೇ ಇರಬೇಕು. ವ್ಯಾಲೇಸ್ ಬ್ರೋಕರ್ ಎಂಬ ವಿಜ್ಞಾನಿ 1980ರ ದಶಕದಲ್ಲಿ ಸಾಗರಗಳ ನೀರು ಸುತ್ತುವ ದಾರಿಯನ್ನು ಕೆಂಪು, ನೀಲಿ ಪಟ್ಟಿಯಾಗಿ ತೋರಿಸುವ ಚಿತ್ರವೊಂದನ್ನು ಪ್ರಚಾರಕ್ಕೆ ತಂದರು, ಅದು ಎಲ್ಲ ಪುಸ್ತಕಗಳಲ್ಲೂ ಇದೆ. ಆ ಚಿತ್ರದಿಂದ ಜಗತ್ತಿಗೆ ಉಪಕಾರವಾಗಿದೆ, ದೂರದ ಕಡಲುಗಳಿಗೆ ಸಂಬಂಧ ಇದೆಯೆಂದು ಜನಕ್ಕೆ ತಿಳಿಯಿತು. ಆದರೆ ಅಲ್ಲಿ ಪಟ್ಟಿ ತಾನಾಗಿ ಸುತ್ತುವಂತೆ ಕಾಣುತ್ತದೆ, ಎತ್ತುವವರು ಕಾಣುವುದೇ ಇಲ್ಲ. ಮಕ್ಕಳಿಗೆ ಪಾಠ ಮಾಡುವವರು ಆ ಪಟ್ಟಿಯ ಪಕ್ಕದಲ್ಲಿ ಒಬ್ಬ ಚಂದ್ರನನ್ನಾದರೂ ಬರೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಮಾವ: ಗ್ರೀನ್‌ಲ್ಯಾಂಡಿನ ಹತ್ತಿರ ಈ ಪ್ರವಾಹ ನಿಂತುಹೋಗುತ್ತದೆ ಅಂತ ಮೊನ್ನೆ ಟಿವಿಯಲ್ಲಿ ಬಂತು.

ಅಳಿಯ: ಅಲ್ಲಿ ಹಿಮ ಕರಗಿ ಸಿಹಿನೀರು ಕಡಲಿಗೆ ಸೇರುತ್ತಿದೆ. ತಣ್ಣನೆಯ ನೀರಿನಲ್ಲಿ ಉಪ್ಪಿನದೇ ಕಾರುಬಾರು ಅಂದೆನಲ್ಲ. ಉಪ್ಪು ಕಡಿಮೆಯಾದರೆ ಎಷ್ಟೇ ಚಳಿಯಾದರೂ ನೀರು ಮುಳುಗುವಷ್ಟು ಭಾರವಾಗುವುದಿಲ್ಲ. ಮುಳುಗುವುದು ಕುಗ್ಗಿದರೆ ತೆಂಕಿನಿಂದ ಬರುವ ಉಪ್ಪಿನ ನೀರೂ ಕುಗ್ಗುತ್ತದೆ, ಅದರಿಂದ ಮುಳುಗುವುದು ಇನ್ನೂ ಕುಗ್ಗುತ್ತದೆ. ಹೆನ್ರಿ ಸ್ಟೊಮೆಲ್ ಎಂಬ ವಿಜ್ಞಾನಿ 1961ರಲ್ಲಿ ಎರಡೇ ಡಬ್ಬಿಗಳ ಸರಳ ಗಣಿತದಲ್ಲಿ ಇದನ್ನು ತೋರಿಸಿದರು: ಅದೇ ಬಿಸಿಲು, ಅದೇ ಮಳೆಗೆ ಎರಡು ಬೇರೆ ಬೇರೆ ನಡಿಗೆ ಸಾಧ್ಯ, ಒಂದರಿಂದ ಇನ್ನೊಂದಕ್ಕೆ ಜಾರಿದರೆ ಹಿಂದಕ್ಕೆ ತರುವುದು ಕಷ್ಟ. ಅಟ್ಲಾಂಟಿಕ್ಕಿನಲ್ಲಿ 26.5 ಡಿಗ್ರಿ ಅಕ್ಷಾಂಶಕ್ಕೆ ಅಡ್ಡಲಾಗಿ 2004ರಿಂದ ಉಪಕರಣ ಕಟ್ಟಿ ಅಳೆಯುತ್ತಿದ್ದಾರೆ. ಸರಾಸರಿ ಸೆಕೆಂಡಿಗೆ ಸುಮಾರು 1.7 ಕೋಟಿ ಘನ ಮೀಟರ್ ಹರಿಯುತ್ತದೆ. ಈ ಶತಮಾನದಲ್ಲಿ ಅದು ದುರ್ಬಲವಾಗುವುದು ಬಹುಮಟ್ಟಿಗೆ ಖಚಿತ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2021ರಲ್ಲಿ ಹೇಳಿತು. 2100ರೊಳಗೆ ಹಠಾತ್ತನೆ ಕುಸಿಯದು ಎಂದೂ ಹೇಳಿತು, ಆದರೆ ಆ ಮಾತಿಗೆ ಅವರು ಕೊಟ್ಟ ವಿಶ್ವಾಸ ಮಧ್ಯಮ ಮಟ್ಟದ್ದು.

ಮಾವ: ನಮಗೇನಾದೀತು ಅದರಿಂದ?

ಅಳಿಯ: ಹಿಂದೆ ಆ ಪ್ರವಾಹ ಕುಗ್ಗಿದ ಕಾಲಗಳಲ್ಲಿ ನಮ್ಮ ಮುಂಗಾರೂ ಸೊರಗಿತ್ತು ಎನ್ನಲು ಅರಬ್ಬಿ ಕಡಲಿನ ತಳದ ಕೆಸರಿನಲ್ಲಿ, ಗುಹೆಗಳ ಕಲ್ಲಿನಲ್ಲಿ ಗುರುತುಗಳಿವೆ. ನಾವು ದೂರದವರು ಅಂದುಕೊಂಡು ಸುಮ್ಮನಿರುವ ಹಾಗಿಲ್ಲ.

ಮಾವ: ಇಲ್ಲಿಯ ವಿಷಯಕ್ಕೆ ಬಾ. ಸೆಪ್ಟೆಂಬರಿನಲ್ಲಿ ತಳದ ಮೀನು, ಸಿಗಡಿ ಎಲ್ಲ ದಡದ ಕಡೆ ಒತ್ತಿಕೊಂಡು ಬರುತ್ತವೆ. ಅದಕ್ಕೂ ಈ ಭಾರಕ್ಕೂ ಸಂಬಂಧ ಉಂಟಾ?

ಅಳಿಯ: ಉಂಟು. ಮಳೆಗಾಲದಲ್ಲಿ ಮೇಲೇಳುವ ತಣ್ಣೀರು 25 ಡಿಗ್ರಿಗೂ ಕೆಳಗಿರುತ್ತದೆ, ಅದರಲ್ಲಿ ಪ್ರಾಣವಾಯು ಮೊದಲೇ ಕಡಿಮೆ. ಅದು ಪೂರ್ತಿ ಮೇಲೆ ಬಂದು ಗಾಳಿಗೆ ಮೈಯೊಡ್ಡಿದರೆ ಸರಿಹೋಗುತ್ತಿತ್ತು. ಆದರೆ ಘಟ್ಟದ ಮಳೆಯ ಹೊಳೆನೀರು ಹಗುರಾಗಿ ಮೇಲೆ ಹರಡಿರುತ್ತದೆ, ಅಡಿಯ ನೀರು ಕೆಲವೇ ಮಾರು ಕೆಳಗೆ ಸಿಕ್ಕಿಬೀಳುತ್ತದೆ. ಅಲ್ಲಿ ಸತ್ತು ಕೊಳೆಯುವುದೆಲ್ಲ ಉಳಿದ ಪ್ರಾಣವಾಯುವನ್ನೂ ತಿನ್ನುತ್ತದೆ. ವಾಜಿಹ್ ನಖ್ವಿ ಮತ್ತು ಗೋವೆಯ ತಂಡ 2000ದಲ್ಲಿ ಇದನ್ನು ನೇಚರ್ ಪತ್ರಿಕೆಯಲ್ಲಿ ಬರೆದರು. ಉಸಿರಿಗಾಗಿ ಮೀನು ದಡಕ್ಕೆ, ಮೇಲಕ್ಕೆ ಸರಿಯುತ್ತದೆ. ಬಂಗಾಳ ಕೊಲ್ಲಿಯಲ್ಲಿ ಅದೇ ಸಪ್ಪೆ ಪದರ ಇನ್ನೊಂದು ಕೆಡುಕು ಮಾಡುತ್ತದೆ. ಚಂಡಮಾರುತ ಬಂದಾಗ ಅಡಿಯ ತಣ್ಣೀರು ಮೇಲೆದ್ದರೆ ಅದರ ಬಲ ಕುಗ್ಗಬೇಕು. ಹಗುರ ಪದರ ಅಡ್ಡ ಬಂದು ಕಲಕುವುದಕ್ಕೆ ಬಿಡುವುದಿಲ್ಲ, ಮೇಲೆ ಬಿಸಿನೀರೇ ಉಳಿಯುತ್ತದೆ.

ಮಾವ: ಇದನ್ನೆಲ್ಲ ಉಪಗ್ರಹದಿಂದ ನೋಡಬಹುದಾ? ಹೈದರಾಬಾದಿನ ಇನ್‌ಕಾಯ್ಸ್‌ನಿಂದ ಮೀನಿರುವ ಜಾಗದ ಮಾಹಿತಿ ಬರುತ್ತದಲ್ಲ.

ಅಳಿಯ: ಉಪಗ್ರಹಕ್ಕೆ ಕಾಣುವುದು ಮೇಲ್ಮೈಯ ಬಿಸಿ, ಬಣ್ಣ, ಎತ್ತರ. ಆಳಕ್ಕೆ ಆರ್ಗೊ ಎಂಬ ತೇಲುಯಂತ್ರಗಳಿವೆ, ಜಗತ್ತಿನಲ್ಲಿ ಸುಮಾರು ನಾಲ್ಕು ಸಾವಿರ. ಅವು ನಡೆಯುವುದೂ ಇದೇ ತತ್ವದ ಮೇಲೆ. ಒಳಗಿನ ಎಣ್ಣೆಯನ್ನು ಹೊರಗಿನ ಚೀಲಕ್ಕೆ ನೂಕಿ ಮೈ ಹಿಗ್ಗಿಸಿದರೆ ಹಗುರಾಗಿ ಏರುತ್ತವೆ, ಎಣ್ಣೆ ಒಳಗೆಳೆದರೆ ಮುಳುಗುತ್ತವೆ. ಹತ್ತು ದಿನಕ್ಕೊಮ್ಮೆ 2,000 ಮೀಟರಿನಿಂದ ಮೇಲೆ ಬಂದು ಬಿಸಿ, ಉಪ್ಪಿನ ಲೆಕ್ಕ ಕಳಿಸುತ್ತವೆ. ಆದರೆ ದಡದ ಹತ್ತಿರದ ಆಳವಿಲ್ಲದ ನೀರಿಗೆ ಅವು ಬರುವುದಿಲ್ಲ. ಅದಕ್ಕೇ ನಿಮ್ಮಲ್ಲಿ ಕೇಳೋಣ ಅಂತಿದ್ದೆ. ನಿಷೇಧ ಮುಗಿದ ಮೇಲೆ ಬೋಟ್ ಇಳಿದಾಗ ವಾರಕ್ಕೊಂದು ಬಾಟಲಿ ನೀರು ತಂದುಕೊಡಿ. ಬಂಗಾಳ ಕೊಲ್ಲಿಯ ನೀರು ಇಲ್ಲಿಗೆ ಯಾವ ವಾರ ತಲುಪುತ್ತದೆ ಎಂದು ಉಪ್ಪಿನಿಂದ ಹಿಡಿಯಬಹುದು.

ಮಾವ: ಒಂದು ಬಾಟಲಿಯಿಂದ ಏನು ಗೊತ್ತಾಗುತ್ತದೆ? ನೀನು ಇಷ್ಟು ಹೊತ್ತು ಹೇಳಿದ್ದು ಮೇಲಿನದು ಬೇರೆ, ಅಡಿಯದು ಬೇರೆ ಅಂತ. ಎರಡು ಬೇಕು. ಒಂದು ಮೇಲಿನದು, ಒಂದು ಹತ್ತು ಮಾರಿನದು.

ಅಳಿಯ: ಹತ್ತು ಮಾರಿನದು ತರುವುದು ಕಷ್ಟ. ಬಾಟಲಿ ಇಳಿಯುವಾಗಲೇ ಮೇಲಿನ ನೀರು ತುಂಬಿಕೊಳ್ಳುತ್ತದೆ. ಹಡಗಿನಲ್ಲಾದರೆ ಹಗ್ಗದ ಗುಂಟ ತೂಕ ಜಾರಿಸಿ ಮುಚ್ಚಳ ಬೀಳಿಸುವ ಬಾಟಲಿ ಇರುತ್ತದೆ.

ಮಾವ: ಕಷ್ಟ ಏನಿಲ್ಲ. ಬಾಯಿ ಸಣ್ಣಗಿರುವ ಗಾಜಿನ ಬಾಟಲಿಗೆ ಬೆಂಡಿನ ಬಿರಡೆ ಹಾಕಿ, ಅಡಿಗೆ ಸೀಸದ ಗುಂಡು ಕಟ್ಟುತ್ತೇನೆ. ಬಿರಡೆಗೆ ಬೇರೆಯೇ ದಾರ. ಹತ್ತು ಮಾರು ಇಳಿದ ಮೇಲೆ ಆ ದಾರ ಜಗ್ಗಿದರೆ ಬಿರಡೆ ಕಿತ್ತು ಅಲ್ಲಿಯದೇ ನೀರು ತುಂಬುತ್ತದೆ. ಎಳೆಯುವಾಗ ಮೇಲಿನ ಹಗುರ ನೀರು ಅದರೊಳಗೆ ಇಳಿಯುತ್ತದಾ?

ಅಳಿಯ: ಒಳಗಿನದು ಭಾರವಾದ್ದರಿಂದ ಅಷ್ಟು ಸುಲಭಕ್ಕೆ ಇಳಿಯುವುದಿಲ್ಲ. ಬೇಗ ಎಳೆದು ತಕ್ಷಣ ಮುಚ್ಚಿದರೆ ನಮ್ಮ ಲೆಕ್ಕಕ್ಕೆ ಸಾಕು. ಬಾಟಲಿಯ ಮೇಲೆ ತಾರೀಖು, ಹೊತ್ತು, ಜಿಪಿಎಸ್ಸಿನ ಸ್ಥಳ, ಎಷ್ಟು ಮಾರು ಎನ್ನುವುದನ್ನು ಬರೆಯಿರಿ. ನೀರು ಯಾವ ಕಡೆ ಎಳೆಯುತ್ತಿತ್ತು ಎನ್ನುವುದನ್ನೂ.

ಮಾವ: ಬರೆಯುತ್ತೇನೆ. ಆಳದ ಬಾಟಲಿಗೆ ಬೇರೆ ಬಣ್ಣದ ಮುಚ್ಚಳ ತಂದುಕೊಡು, ಇಲ್ಲದಿದ್ದರೆ ಬೋಟಿನ ಹುಡುಗರು ಅದಲುಬದಲು ಮಾಡಿಬಿಡುತ್ತಾರೆ.